ನಾನು ಎನ್ನುವುದು, ನನಗೆ ಎನ್ನುವುದು

ಹುಣ್ಣಿಮೆ ದಿನ ಹುಲಿಗೆಮ್ಮ ದೇವಿಯ ಗುಡಿ ಇರುವ ಹುಲಿಗಿಯಲ್ಲಿ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಒದ್ದೆ ಸೀರೆ, ಬೇವಿನ ತೊಪ್ಪಲು, ಹಣೆ ತುಂಬ ಭಂಡಾರ, ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದು ನಡೆದು ಬರುವವರ ಸಾಲು. ಅವ್ವನ ಹರಕೆ ಇತ್ತು. ಉಡಿ ತುಂಬಿಸಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಹಿಂದಿನಿಂದ ಯಾರೋ "ಅಕ್ಕೋರ" ಅಂದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು. ಈಗಿನ ಮಕ್ಕಳು ಮೇಡಂ ಅನ್ನುತ್ತಾರೆ. ಹಾಗಾಗಿ ಹಳೇ ವಿದ್ಯಾರ್ಥಿ ಎಂದು ತಿರುಗುವ ಮೊದಲೇ ತಿಳಿಯಿತು. ತಿರುಗಿದರೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕುಂಕುಮ ಬಣ್ಣದ ಸೀರೆ, ಮೊಣಕೈ ತನಕ ಹಸಿರು ಬಳೆ, ಉದ್ದ ಜಡೆ. ಗುರುತು ಸಿಗಲಿಲ್ಲ.

"ನಾನ್ರಿ ಅಕ್ಕೋರ. ಒಂಬತ್ತನೇತ್ತ ಬಿ. ನಮ್ಮ ಬೆಂಚು ಬದಲಿ ಮಾಡಿದ್ರೆಲ್ರಿ, ಅಂವನ ಬಾಜೂಕ ಕೂಡಬ್ಯಾಡ ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ಗುರುತು ಹಿಡಿಯಲು ಒಂದು ಸುಳುವು ಕೊಟ್ಟಳು, ಅಷ್ಟೆ. ಆದರೆ ನನಗೆ ಅಲ್ಲೇ ಕೂಡಬೇಕು ಅನಿಸಿತು, ಕೂತೆ.

ನಾನು ಕೊಪ್ಪಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಬೆಂಚು ಬದಲಿಸಿದ್ದು 2008ರಲ್ಲಿ. ಊರಿನ ದೃಷ್ಟಿಯಲ್ಲಿ ಆಗ ಅವಳು ಹುಡುಗ. ಆದರೆ ಅವಳು ಅಂದೂ ಅವಳೇ ಇದ್ದಳು, ಆದ್ದರಿಂದ ಹಿಂದಿನದನ್ನು ಬರೆಯುವಾಗಲೂ ಅವಳು ಎಂದೇ ಬರೆಯುತ್ತೇನೆ. ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ಹುಡುಗಿಯರ ಕೋಲಾಟಕ್ಕೆ ಒಬ್ಬಳು ಕಡಿಮೆ ಬಿದ್ದಿದ್ದಳು. ಇವಳು ಬಂದು ಟೇಬಲ್ ಹತ್ತಿರ ನಿಂತು, "ಅಕ್ಕೋರ, ನಾ ಆ ಸಾಲಿನ್ಯಾಗ ನಿಂದರ್ತೀನ್ರಿ" ಅಂದಳು. ಸ್ಟಾಫ್ ರೂಮಿನಲ್ಲಿ ನಗೆಯೆದ್ದಿತು. ನಾನು ನಗಲಿಲ್ಲ, ಗದರಲೂ ಇಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬಳನ್ನೇ ಕೂಡಿಸಿಕೊಂಡೆ. ಎಲ್ಲೋ ಓದಿದ ಅರೆಬರೆ ತಿಳಿವಳಿಕೆ ತಲೆಯಲ್ಲಿತ್ತು. ದನಿ ತಗ್ಗಿಸಿ ಕೇಳಿದೆ: "ನಿನಗ ಹುಡುಗರ ಮ್ಯಾಲ ಮನಸು ಆಗ್ತದೇನು?"

ಅವಳಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಕೋಲಾಟಕ್ಕೂ ಅದಕ್ಕೂ ಏನು ಸಂಬಂಧ ಎನ್ನುವ ಹಾಗೆ ನೋಡಿದಳು. ನಾನು ಉತ್ತರಕ್ಕೆ ಕಾಯುತ್ತ ಕೂತಿದ್ದೆ. ಉತ್ತರ ಸಿಗದೆ ಅಕ್ಕೋರು ಬಿಡುವುದಿಲ್ಲ ಎಂದು ತಿಳಿದು ಹೂಂ ಎಂದು ತಲೆಯಾಡಿಸಿದಳು. ಹದಿನಾಲ್ಕು ವರ್ಷದ ಮಗು. "ಇದು ವಯಸ್ಸಿನ ಆಕರ್ಷಣೆ, ತಾನಾಗೇ ಹೋಗ್ತದ" ಎಂದು ಸಮಾಧಾನ ಹೇಳಿದೆ. ಮರುದಿನ ಅವಳ ಪಕ್ಕ ಕೂಡುತ್ತಿದ್ದ ಹುಡುಗನನ್ನು ಮುಂದಿನ ಸಾಲಿಗೆ ಕಳಿಸಿದೆ. ಬಿಸಿಯೂಟಕ್ಕೂ ಬೇರೆ ಬೇರೆ ಕೂಡಿಸಿದೆ. ಆ ಹುಡುಗನಿಗೆ ಯಾಕೆ ಎಂದು ಹೇಳಲಿಲ್ಲ, ಆದರೆ ಮಕ್ಕಳು ದಡ್ಡರಲ್ಲ, ವಾರದಲ್ಲಿ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಅವರಿಬ್ಬರು ಸುಮ್ಮನೆ ದೋಸ್ತರು. ಅವಳಿಗೆ ಇದ್ದದ್ದು ಅದೊಂದೇ ದೋಸ್ತಿ. ಹತ್ತನೇತ್ತ ಪರೀಕ್ಷೆಗೆ ಅವಳು ಕೂಡಲಿಲ್ಲ.

ನಾನು ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಹೌದು, ಮಾಡಲಿಲ್ಲ. ಆದರೆ ಆ ಮಾತಿನಿಂದ ಅವಳಿಗೆ ಏನೂ ಪ್ರಯೋಜನವಿಲ್ಲ. ಅವಳು ಹೇಳಿದ್ದು ಒಂದು, ನಾನು ಕೇಳಿಸಿಕೊಂಡದ್ದು ಇನ್ನೊಂದು. ಕನ್ನಡ ಕಲಿಸುವವಳು, ಇಷ್ಟು ಸಣ್ಣ ವಾಕ್ಯದಲ್ಲಿ ತಪ್ಪಿದೆ.

ಹೊಳೆಯ ಮೆಟ್ಟಿಲ ಮೇಲೆ ಅಂದು ಎರಡು ತಾಸು ಕೂತಿದ್ದೆವು. ಈಗ ಭಾಗ್ಯನಗರದಲ್ಲಿ ಕೂದಲ ಗೋಡಾನಿನಲ್ಲಿ ಕೆಲಸ ಮಾಡುತ್ತಾಳೆ. ಕೊಪ್ಪಳದ ಮಗ್ಗುಲಿನ ಈ ಊರಲ್ಲಿ ನೇಕಾರಿಕೆ ಇದೆ, ಕೂದಲ ವ್ಯಾಪಾರವೂ ಇದೆ. ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಹಳ್ಳಿ ಹಳ್ಳಿ ತಿರುಗಿ ಕೊಂಡು ತರುತ್ತಾರೆ, ಅದು ಉಂಡೆಯಾಗಿ ಬರುತ್ತದೆ. ಹೆಣ್ಣುಮಕ್ಕಳು ಸಾಲಾಗಿ ಕೂತು ದಬ್ಬಣದಲ್ಲಿ ಒಂದೊಂದೇ ಎಳೆ ಬಿಡಿಸಿ, ಉದ್ದದ ಪ್ರಕಾರ ಜೋಡಿಸುತ್ತಾರೆ. ದಿನವಿಡೀ ಮಾಡಿದರೆ ಬೆರಳ ತುದಿ ಹೇಗಾಗುತ್ತದೆ ಎಂದು ತೋರಿಸಿದಳು. ಎಡಗೈ ತೋರುಬೆರಳಿನ ಮೇಲೆ ಗೆರೆ ಗೆರೆಯಾಗಿ ಚರ್ಮ ಗಟ್ಟಿಯಾಗಿತ್ತು.

ನಾನು ತಡವರಿಸುತ್ತ ಕೇಳಿದೆ, "ನಿನಗ ನೀನು ಹೆಣ್ಣು ಅಂತ ಅನಸಾಕತ್ತಿದ್ದು ಯಾವಾಗಿಂದವಾ?"

"ಅನಸೋದಲ್ರಿ ಅಕ್ಕೋರ. ಹಸಿವಿ ಅನಸ್ತದ, ಬ್ಯಾಸರ ಅನಸ್ತದ. ಇದು ಅನಸೋದಲ್ರಿ. ನಾ ಹೆಣ್ಣದೀನ್ರಿ."

ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೂವತ್ತು ವರ್ಷದಿಂದ ಮಕ್ಕಳ ಬಾಯಲ್ಲಿ ವಿಭಕ್ತಿ ಪ್ರತ್ಯಯ ಹೇಳಿಸುತ್ತ ಬಂದಿದ್ದೇನೆ. ಉ, ಅನ್ನು, ಇಂದ, ಗೆ, ಕ್ಕೆ. ನಾನು, ನನ್ನನ್ನು, ನನ್ನಿಂದ, ನನಗೆ. "ನಾನು ಹೆಣ್ಣು" ಎನ್ನುವುದು ಪ್ರಥಮಾ ವಿಭಕ್ತಿಯ ವಾಕ್ಯ. ಅದರಲ್ಲಿ ಎರಡನೆಯ ಮನುಷ್ಯ ಇಲ್ಲ. "ನನಗೆ ಅವನು ಇಷ್ಟ" ಎನ್ನುವುದು ಚತುರ್ಥಿಯ ವಾಕ್ಯ. ಅದರಲ್ಲಿ ಇನ್ನೊಬ್ಬರು ಬಂದೇ ಬರುತ್ತಾರೆ, ಇನ್ನೊಬ್ಬರಿಲ್ಲದೆ ಅದು ಪೂರ್ತಿಯಾಗುವುದೇ ಇಲ್ಲ. ಕನ್ನಡದಲ್ಲಿ ಪ್ರೀತಿ, ಹಸಿವು, ಬಾಯಾರಿಕೆ, ಆಸೆ ಎಲ್ಲ ನನಗೆ ಆಗುವಂಥವು. ಇರುವಿಕೆ ಮಾತ್ರ ನಾನು. ಆ ಮಗು ಟೇಬಲ್ ಹತ್ತಿರ ನಿಂತು ಹೇಳಿದ್ದು ನಾನು ಎನ್ನುವ ವಾಕ್ಯ. ನಾನು ಅದಕ್ಕೆ ನಿನಗೆ ಎನ್ನುವ ಪ್ರಶ್ನೆ ಹಾಕಿದೆ.

ಲಿಂಗತ್ವದ ಗುರುತು ಮತ್ತು ಲೈಂಗಿಕ ಒಲವು ಎಂದು ಪುಸ್ತಕದ ಭಾಷೆಯಲ್ಲಿ ಹೇಳುವುದು ಇದನ್ನೇ. ಹುಟ್ಟಿದ ಕೂಡಲೇ ನರ್ಸೋ ಸೂಲಗಿತ್ತಿಯೋ ದೇಹ ನೋಡಿ ಗಂಡು ಅಥವಾ ಹೆಣ್ಣು ಅನ್ನುತ್ತಾರೆ. ಬಹಳ ಜನರಿಗೆ ಆ ಮಾತು ಜೀವನಪೂರ್ತಿ ಹೊಂದಿಕೊಂಡು ಹೋಗುತ್ತದೆ. ಕೆಲವರಿಗೆ ಹೊಂದುವುದಿಲ್ಲ, ತಾನು ಯಾರೆಂದು ಒಳಗೆ ಗೊತ್ತಿರುವುದೂ ಊರು ಹೇಳುವುದೂ ಬೇರೆ ಬೇರೆ. ಅಂಥವರನ್ನು ಟ್ರಾನ್ಸ್‌ಜೆಂಡರ್ ಅನ್ನುತ್ತೇವೆ, ಲಿಂಗತ್ವ ಅಲ್ಪಸಂಖ್ಯಾತರು ಅನ್ನುತ್ತೇವೆ. ಯಾರ ಮೇಲೆ ಮನಸ್ಸಾಗುತ್ತದೆ ಎನ್ನುವುದು ಪೂರ್ತಿ ಬೇರೆ ಮಾತು. ಅದು ಎಲ್ಲರಿಗೂ ಇದ್ದಂತೆ ಅವರಿಗೂ ಇರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ತೆರ, ಕೆಲವರಿಗೆ ಯಾರ ಮೇಲೂ ಆಗುವುದಿಲ್ಲ. ಒಂದನ್ನು ತಿಳಿದುಕೊಂಡರೆ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಇಷ್ಟು ಸರಳವಾಗಿದ್ದರೂ ಕಲೆಸಿಹೋಗಿರುವುದಕ್ಕೆ ನಮ್ಮ ಶಬ್ದಗಳದ್ದೂ ಪಾಲಿದೆ. ಲಿಂಗ ಎನ್ನುವ ಒಂದೇ ಶಬ್ದ ದೇಹಕ್ಕೂ ಬಂತು, ವ್ಯಾಕರಣಕ್ಕೂ ಬಂತು, ಗಂಡು ಹೆಣ್ಣೆಂಬ ಗುರುತಿಗೂ ಬಂತು. ಅದರಿಂದಲೇ ಹುಟ್ಟಿದ ಲೈಂಗಿಕ ಎನ್ನುವುದು ಕಾಮಕ್ಕೆ ಹೋಯಿತು. ಪತ್ರಿಕೆಗಳು ಲೈಂಗಿಕ ಅಲ್ಪಸಂಖ್ಯಾತರು ಎಂದು ಎಲ್ಲರನ್ನೂ ಒಂದೇ ಗೂಡೆಯಲ್ಲಿ ತುಂಬಿ ಬರೆದವು. ಹೀಗಾಗಿ ಟ್ರಾನ್ಸ್‌ಜೆಂಡರ್ ಎಂದ ಕೂಡಲೇ ಜನರ ತಲೆ ಮಲಗುವ ಕೋಣೆಗೆ ಹೋಗುತ್ತದೆ. ನನ್ನದೂ ಹೋಗಿತ್ತಲ್ಲ. ಕೋಲಾಟದ ಸಾಲಿನಲ್ಲಿ ನಿಲ್ಲಲು ಕೇಳಿದ ಮಗುವಿಗೆ ನಾನು ಅದನ್ನು ಕೇಳಿದೆನಲ್ಲ.

2021ರ ನವೆಂಬರಿನಲ್ಲಿ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದನ್ನು ಸ್ಟಾಫ್ ರೂಮಿನಲ್ಲಿ ಮೊಬೈಲಿನಲ್ಲಿ ಸುತ್ತ ನಿಂತು ನೋಡಿದೆವು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದವರು, ಜೋಗತಿ ನೃತ್ಯ ಕಲಿತು ಬೆಳೆದವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು, ನಮ್ಮ ಓಣಿಯ ಅಜ್ಜಿಯರು ತೆಗೆಯುವ ಹಾಗೆಯೇ. ನನಗೆ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ, ಓದಿದವರು, "ಸಲಿಂಗಕಾಮಿಗಳಿಗೂ ಈಗ ಗೌರವ ಸಿಗಾಕತ್ತೈತಿ ನೋಡ್ರಿ, ಚಲೋ ಆತು" ಅಂದರು. ಮೆಚ್ಚಿಯೇ ಅಂದದ್ದು. ಹದಿಮೂರು ವರ್ಷದ ಹಿಂದಿನ ನನ್ನದೇ ತಪ್ಪು ಅವರ ಬಾಯಲ್ಲಿ ಕೇಳಿಸಿತು. ಆ ದಿನ ತಿದ್ದುವಷ್ಟು ನನಗೂ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಹಳ್ಳಿಗಳಿಗೆ ಇದು ಹೊಸದಲ್ಲ. ಯಾವ ಇಂಗ್ಲಿಷ್ ಶಬ್ದವೂ ಬರುವ ಮೊದಲೇ ನಮ್ಮ ಓಣಿಗೆ, ದೇವಿಗೆ ಮುಡಿಪಾಗಿ ಸೀರೆ ಉಟ್ಟು ತಿರುಗುವ ಜೋಗಪ್ಪ ಬರುತ್ತಿದ್ದರು. ತಲೆಯ ಮೇಲೆ ದೇವಿಯ ಮುಖ ಕೂಡಿಸಿದ ಜಗ, ನವಿಲುಗರಿ, ಕಂಕುಳಲ್ಲಿ ಚೌಡಿಕೆ. ಒಂದೇ ತಂತಿಯ ಆ ವಾದ್ಯದ ದನಿ ಇನ್ನೂ ಎರಡು ಓಣಿ ಆಚೆ ಇರುವಾಗಲೇ ನಮ್ಮವ್ವ ಮೊರದಲ್ಲಿ ಜೋಳ ಹಾಕಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಪಡಲಗಿಗೆ, ಅಂದರೆ ಅವರ ಬುಟ್ಟಿಗೆ, ಜೋಳ ಹಾಕಿ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಹೆಸರಿನಲ್ಲಿ ಅಪ್ಪ ಇದ್ದರೂ ಅವ್ವ ಕರೆಯುತ್ತಿದ್ದುದು ತಾಯಿ ಎಂದು. "ಯಾಕವಾ ಅವರು ಸೀರಿ ಉಟ್ಕೊಂಡಾರ" ಎಂದು ನಾನು ಕೇಳಿದರೆ "ದೇವಿ ಮೈಮ್ಯಾಲ ಬಂದಾಳ, ಅಕಿ ಉಡಿಸ್ಯಾಳ" ಅನ್ನುತ್ತಿದ್ದಳು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಯಾರ ಮೇಲೆ ಮನಸ್ಸು ಎಂದು ಯಾರೂ ಕೇಳುತ್ತಿರಲಿಲ್ಲ.

ಹಳೆಯವರು ಎಷ್ಟು ತಿಳಿದವರಿದ್ದರು ಎಂದು ಹೊಳೆಯ ಮೆಟ್ಟಿಲ ಮೇಲೆ ನಾನು ಹಿಗ್ಗಿ ಹೇಳಿದಾಗ ನನ್ನ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಶಾಲೆ ಬಿಟ್ಟ ಮೇಲೆ ಎರಡು ವರ್ಷ ಜೋಗಪ್ಪಗಳ ಜೊತೆ ತಿರುಗಿದವಳು ಅವಳು. ಜ್ವರ ಬಂದು, ಕೂದಲು ಜಡೆಗಟ್ಟಿ, ದೇವಿಯ ಕರೆ ಅಂತ ಮನೆಯವರೇ ತಂದು ಬಿಟ್ಟಿದ್ದರು.

"ಅವ್ವ ನನ್ನ ಒಪ್ಪಿದ್ದು ದೇವಿ ಹೆಸರಿನ್ಯಾಗ್ರಿ. ನನ್ನ ಹೆಸರಿನ್ಯಾಗ ಒಪ್ಪಲಿಲ್ಲ."

ಅದರಲ್ಲಿ ಅವಳಿಗೆ ಸೀರೆ ಸಿಕ್ಕಿತು, ತಾಯಿ ಎನ್ನುವ ಕರೆ ಸಿಕ್ಕಿತು. ಆದರೆ ದೇವಿಗೆ ಮುಡಿಪಾದವರಿಗೆ ಸಂಸಾರ ಇಲ್ಲ ಎನ್ನುವುದು ರೂಢಿ. ಕಾಲು ಮುಟ್ಟುವವರು ಮನುಷ್ಯಳನ್ನು ನೋಡುವುದಿಲ್ಲ, ದೇವಿಯನ್ನು ನೋಡುತ್ತಾರೆ. ಅವಳಿಗೆ ಒಬ್ಬ ಲಾರಿ ಡ್ರೈವರನ ಮೇಲೆ ಮನಸ್ಸಾಯಿತು. ಆವತ್ತಿನಿಂದ ಪಡಲಗಿ ಹೊರುವುದು ಸುಳ್ಳು ಹೇಳಿದ ಹಾಗೆ ಆಗತೊಡಗಿತು ಎಂದಳು. ಬಿಟ್ಟು ಭಾಗ್ಯನಗರಕ್ಕೆ ಬಂದಳು. ಊರು ಒಪ್ಪಿದ್ದು ನಾನು ಎನ್ನುವ ವಾಕ್ಯವನ್ನು ಮಾತ್ರ, ಅದೂ ನನಗೆ ಎನ್ನುವುದನ್ನು ಬಿಟ್ಟುಕೊಟ್ಟರೆ. ಜೋಗಪ್ಪ ಸಂಪ್ರದಾಯದ ಮೇಲೆ ನನಗೆ ಇಂದಿಗೂ ಗೌರವ ಇದೆ, ಅದು ಎಷ್ಟೋ ಜೀವಗಳಿಗೆ ನೆರಳು ಕೊಟ್ಟಿದೆ. ಆದರೆ ಆ ನೆರಳಿಗೂ ಬೆಲೆ ಇತ್ತು ಎಂದು ನನಗೆ ತಿಳಿದದ್ದು ಅಂದು.

ಇದರ ತಲೆಕೆಳಗಾದ ತಪ್ಪೊಂದು ನಮ್ಮ ಮನೆಯಲ್ಲೇ ನಡೆದಿದೆ. ನನ್ನ ಅಕ್ಕನ ಮಗ ಗಂಗಾವತಿಯಲ್ಲಿ ಭತ್ತದ ವ್ಯಾಪಾರದ ಲೆಕ್ಕ ಬರೆಯುತ್ತಾನೆ. ಮದುವೆಗೆ ಒಲ್ಲೆ ಒಲ್ಲೆ ಎಂದು ಕೊನೆಗೊಂದು ದಿನ, ತನಗೆ ಗಂಡಸರ ಮೇಲೇ ಮನಸ್ಸು ಎಂದು ಅವ್ವನಿಗೆ ಹೇಳಿದ. ಅಕ್ಕನ ತಲೆಯಲ್ಲಿ ಇಂಥ ಮಾತಿಗೆ ಇದ್ದದ್ದು ಒಂದೇ ಗೂಡು. ಮಗನಿಗೆ ದೇವಿ ಬಂದಿದ್ದಾಳೆ, ಹುಲಿಗಿಗೆ ಕರೆದುಕೊಂಡು ಹೋಗಿ ದೇವಿಗೆ ಮುಡಿಪಾಗಿಸಲು ಮುತ್ತು ಕಟ್ಟಿಸಬೇಕು ಎಂದು ಅತ್ತಳು, ಸೀರೆಯನ್ನೂ ತಂದಿಟ್ಟಿದ್ದಳು. ಅಕ್ಕನ ಗಂಡ ಮಾತ್ರ ಅವನನ್ನು ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದರು. ಆತ ಗಂಡಸ್ತನಕ್ಕೆಂದು ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿದ. ಮುಖದ ತುಂಬ ಗುಳ್ಳೆ ಎದ್ದವು, ಸಿಟ್ಟು ಹೆಚ್ಚಾಯಿತು, ಮನಸ್ಸು ಹೋಗುವ ಕಡೆಗೇ ಹೋಯಿತು.

ಒಂದು ರಾತ್ರಿ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಅಂದ: "ಚಿಗವ್ವಾ, ನನಗ ಸೀರಿ ಯಾಕ ಉಡಸ್ತಾರ? ನಾ ಗಂಡಸು. ಗಂಡಸಾಗೇ ಇರಾಕ ನನಗೇನೂ ತ್ರಾಸಿಲ್ಲ. ನನಗ ಬೇಕಾದಾಂವ ಗಂಡಸು, ಅಷ್ಟ."

ಅವನ ವಿಷಯದಲ್ಲಿ ನನಗೆ ಎನ್ನುವ ವಾಕ್ಯವನ್ನು ಎಲ್ಲರೂ ನಾನು ಎಂದು ಓದಿಬಿಟ್ಟಿದ್ದರು. ಅವಳಿಗೆ ನಾನು ಮಾಡಿದ್ದು, ಅವನಿಗೆ ನನ್ನ ಅಕ್ಕ ಮಾಡಿದ್ದು ಒಂದೇ. ಇಬ್ಬರ ಮೇಲೂ ನಮಗೆ ಪ್ರೀತಿ ಇತ್ತು. ಪ್ರೀತಿ ಇದ್ದೂ ಒಬ್ಬಳ ಶಾಲೆ ಹೋಯಿತು, ಒಬ್ಬನ ಮೈಗೆ ಬೇಡದ ಔಷಧ ಹೋಯಿತು.

ಔಷಧದ ಮಾತು ಬಂತೆಂದು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆಯಲು ಒಪ್ಪಿದ್ದು 2019ರಲ್ಲಿ, ಜಾರಿಗೆ ಬಂದದ್ದು 2022ರಲ್ಲಿ. ನಡುವೆ ಸುಮಾರು ಮೂವತ್ತು ವರ್ಷ. ವೈದ್ಯಶಾಸ್ತ್ರಕ್ಕೂ ಇವೆರಡು ಬೇರೆ ಬೇರೆ ಪ್ರಶ್ನೆಗಳು, ಬೇರೆ ಬೇರೆ ಕಾಲಕ್ಕೆ ಉತ್ತರ ಸಿಕ್ಕಿತು. ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ, ಒಲವನ್ನೋ ಗುರುತನ್ನೋ ಬದಲಿಸುತ್ತೇನೆ ಎಂದು ಚಿಕಿತ್ಸೆ ಕೊಡುವುದು ವೈದ್ಯವೃತ್ತಿಯ ದುರ್ನಡತೆ ಎಂದಿತು. ನಮ್ಮ ಹುಡುಗನಿಗೆ ಇಂಜೆಕ್ಷನ್ ಕೊಟ್ಟದ್ದು ಅದಕ್ಕಿಂತ ಮುಂಚೆ.

ಕಾನೂನನ್ನು ಓದಿದಾಗ ನನಗೆ ಇನ್ನೂ ಆಶ್ಚರ್ಯವಾಯಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ಪ್ರಕೃತಿಗೆ ವಿರುದ್ಧವೆಂದು ಕೆಲವು ದೈಹಿಕ ಸಂಬಂಧಗಳನ್ನು ಅಪರಾಧ ಮಾಡಿದ್ದ ಬ್ರಿಟಿಷರ ಕಾಲದ 377ನೇ ಕಲಮನ್ನು ಮತ್ತೆ ಎತ್ತಿ ಹಿಡಿಯಿತು. ನಾಲ್ಕೇ ತಿಂಗಳಿಗೆ, 2014ರ ಏಪ್ರಿಲ್ 15ರಂದು, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹಾಕಿದ ದಾವೆಯಲ್ಲಿ ತೀರ್ಪು ಕೊಟ್ಟಿತು. ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕಾಗಿ ಆಪರೇಷನ್ ಮಾಡಿಸಿಕೋ ಎಂದು ಹಟ ಹಿಡಿಯುವುದು ನೀತಿಗೂ ಕಾನೂನಿಗೂ ವಿರುದ್ಧ ಎಂದಿತು. ಈಗ ನಮ್ಮ ಹುಡುಗಿಯ ಲೆಕ್ಕ ನೋಡಿ. 2014ರ ಆ ತೀರ್ಪಿನ ಪ್ರಕಾರ ಅವಳು ಹೆಣ್ಣಾಗಿರುವುದು ಅವಳ ಹಕ್ಕು. ಆದರೆ ಅವಳು ಆ ಡ್ರೈವರನ ಜೊತೆ ಬಾಳಿದರೆ 2018ರ ಸೆಪ್ಟೆಂಬರ್ 6ರಂದು ಕೋರ್ಟು ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಡುವ ತನಕ ಅದನ್ನು ಅಪರಾಧ ಎನ್ನಲು ಕಲಮು ಇತ್ತು. ನಾಲ್ಕು ವರ್ಷದ ಮೇಲೆ ಈ ದೇಶದಲ್ಲಿ ಅವಳು ಇರಬಹುದಿತ್ತು, ಪ್ರೀತಿಸುವಂತಿರಲಿಲ್ಲ. ಊರಿನ ರೂಢಿ ಹೇಳಿದ್ದನ್ನೇ ಕೋರ್ಟಿನ ಎರಡು ತೀರ್ಪುಗಳು ಸೇರಿ ಹೇಳಿದ ಹಾಗಾಗಿತ್ತು.

2023ರ ಅಕ್ಟೋಬರ್ 17ರ ಮದುವೆಯ ತೀರ್ಪಿನಲ್ಲೂ ಈ ಗೆರೆ ಎದ್ದು ಕಾಣುತ್ತದೆ. ಒಂದೇ ಲಿಂಗದ ಇಬ್ಬರ ಮದುವೆಗೆ ಕೋರ್ಟು ಮಾನ್ಯತೆ ಕೊಡಲಿಲ್ಲ. ಆದರೆ ಟ್ರಾನ್ಸ್ ಹೆಣ್ಣು ಗಂಡಸನ್ನು, ಟ್ರಾನ್ಸ್ ಗಂಡಸು ಹೆಣ್ಣನ್ನು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂದಿತು. ಯಾಕೆಂದರೆ ಅದು ಗಂಡು ಹೆಣ್ಣಿನ ಮದುವೆಯೇ. ಹಿಂದೂ ವಿವಾಹ ಕಾಯ್ದೆಯ ವಧು ಎನ್ನುವ ಶಬ್ದದಲ್ಲಿ ಟ್ರಾನ್ಸ್ ಹೆಣ್ಣೂ ಸೇರುತ್ತಾಳೆ ಎಂದು ಮದ್ರಾಸ್ ಹೈಕೋರ್ಟು 2019ರಲ್ಲೇ ಹೇಳಿತ್ತು. ಅಂದರೆ ಭಾಗ್ಯನಗರದ ಅವಳಿಗೆ ದಾರಿ ತೆರೆದಿದೆ, ಗಂಗಾವತಿಯ ಅವನಿಗೆ ಇನ್ನೂ ಇಲ್ಲ. ಇಬ್ಬರನ್ನೂ ಒಂದೇ ಗೂಡೆಯಲ್ಲಿ ಹಾಕುವವರು ಇದನ್ನು ಯೋಚಿಸಬೇಕು. ಅವನ ಬಗ್ಗೆ ನನಗೆ ಸಂಕಟ ಇದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

"ಹಂಗಾರ ನಿಮ್ಮಂಥಾರಿಗೆಲ್ಲ ಗಂಡಸರ ಮ್ಯಾಲ ಮನಸು, ಹೌದಿಲ್ಲ?" ಎಂದು ಅಂದು ಹೊಳೆಯ ಮೆಟ್ಟಿಲ ಮೇಲೆ ನಾನು ಎಲ್ಲ ತಿಳಿದವಳಂತೆ ಅವಳನ್ನು ಕೇಳಿದ್ದೆ. ಅವಳು ತಲೆ ಅಲ್ಲಾಡಿಸಿದಳು. ಅವಳ ಜೊತೆ ಕೆಲಸ ಮಾಡುವ ಗೆಳತಿ ಒಬ್ಬಳಿದ್ದಾಳೆ, ಅವಳೂ ಟ್ರಾನ್ಸ್ ಹೆಣ್ಣು, ಅವಳ ಮನಸ್ಸಿರುವುದು ಒಬ್ಬ ಹೆಣ್ಣುಮಗಳ ಮೇಲೆ. ನನ್ನ ಬಾಯಿಂದ ಬಂದ ಮಾತು ನಾಚಿಕೆ ಬಿಟ್ಟು ಬರೆಯುತ್ತೇನೆ, "ಮತ್ತ ಅಕಿ ಗಂಡಸಾಗೇ ಇದ್ದಿದ್ದರ ಸಸಾರ ಆಗ್ತಿತ್ತಲ್ಲ?"

"ಸಸಾರ ಆಗ್ಲಿ ಅಂತ ಯಾರರ ಹೆಣ್ಣಾಗ್ತಾರೇನ್ರಿ ಅಕ್ಕೋರ?"

ಇದಕ್ಕಿಂತ ಒಳ್ಳೆಯ ಪಾಠ ಯಾವ ತರಬೇತಿಯಲ್ಲೂ ನನಗೆ ಸಿಕ್ಕಿಲ್ಲ. ಗಂಡಸರನ್ನು ಪಡೆಯಲೆಂದು ಹೆಣ್ಣಾಗುತ್ತಾರೆ ಎನ್ನುವ ನಂಬಿಕೆಯೇ ನನ್ನ ಪ್ರಶ್ನೆಯ ಬುಡದಲ್ಲಿತ್ತು. ಆ ಗೆಳತಿಯ ಬಾಳನ್ನು ಒಂದು ಕ್ಷಣ ಯೋಚಿಸಿದರೂ ಆ ನಂಬಿಕೆ ನಿಲ್ಲುವುದಿಲ್ಲ. ಇನ್ನು ಹುಟ್ಟಿದಾಗ ಹೆಣ್ಣೆಂದು ಕರೆಸಿಕೊಂಡು ಒಳಗೆ ಗಂಡಸಾಗಿರುವವರೂ ಇದ್ದಾರೆ. ಅವರು ಜಾತ್ರೆಯಲ್ಲಿ ಕಾಣುವುದಿಲ್ಲ. ಅವರಿಗೆ ಜಗ ಇಲ್ಲ, ಚೌಡಿಕೆ ಇಲ್ಲ, ಹದಿನೆಂಟಕ್ಕೆ ಮದುವೆ ಇದೆ. ನನ್ನ ತರಗತಿಯಲ್ಲೂ ಕೂತು ಹೋಗಿರಬೇಕು, ನನಗೆ ಗೊತ್ತಾಗಲಿಲ್ಲ.

ಹುಟ್ಟಿನಿಂದಲೇ ದೇಹ ಗಂಡು ಹೆಣ್ಣಿನ ಸಾಮಾನ್ಯ ಅಚ್ಚಿಗೆ ಹೊಂದದವರದ್ದು ಮತ್ತೊಂದು ವಿಷಯ. ಅದು "ನನ್ನ ದೇಹ" ಎನ್ನುವ ಮಾತು, ಷಷ್ಠಿ ವಿಭಕ್ತಿ ಅನ್ನಬಹುದು. ಅವರಲ್ಲಿ ಬಹಳ ಮಂದಿ ತಮ್ಮನ್ನು ಗಂಡು ಅಥವಾ ಹೆಣ್ಣು ಎಂದೇ ಅರಿತುಕೊಂಡಿರುತ್ತಾರೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅವರನ್ನೂ ಟ್ರಾನ್ಸ್‌ಜೆಂಡರ್ ಎನ್ನುವ ಮಾತಿನೊಳಗೇ ಸೇರಿಸಿದರು. ಅದರಿಂದಲೂ ಗೊಂದಲ ಕಡಿಮೆಯಾಗಲಿಲ್ಲ.

ಒಂದು ಸಂಗತಿ ಅವಳಿಗೆ ಆ ದಿನ ಹೇಳಲು ಧೈರ್ಯ ಸಾಲಲಿಲ್ಲ, ಆಮೇಲೆ ಹೇಳಿದೆ. 2011ರ ಫೆಬ್ರವರಿಯಲ್ಲಿ ಜನಗಣತಿಗೆ ಅವಳ ಊರಿಗೆ ನನ್ನನ್ನು ಹಾಕಿದ್ದರು. ಮಾಸ್ತರರಿಗೆ ಅದೊಂದು ಕೆಲಸ ತಪ್ಪಿದ್ದಲ್ಲ. ಆ ಸಲ ಮೊದಲ ಬಾರಿಗೆ ಗಂಡಿಗೆ 1, ಹೆಣ್ಣಿಗೆ 2 ಎನ್ನುವುದರ ಜೊತೆಗೆ ಇತರೆ ಎಂದು 3 ಎನ್ನುವ ಅಂಕಿಯೂ ಬಂದಿತ್ತು. ತರಬೇತಿಯಲ್ಲಿ ಹೇಳಿದ್ದರು, ನಾವು ಬರೆದುಕೊಂಡೂ ಇದ್ದೆವು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಫಾರ್ಮು ತುಂಬಿದೆ. ಅಪ್ಪ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. "ಇಬ್ಬರು ಗಂಡುಮಕ್ಕಳ್ರಿ." ಬಾಗಿಲ ಹಿಂದೆ ಬಳೆ ಸದ್ದಾಯಿತು. ಜೋಗಪ್ಪಗಳ ಜೊತೆ ತಿರುಗುವವಳು ಅಂದು ಮನೆಗೆ ಬಂದಿದ್ದಳೆಂದು ಕಾಣುತ್ತದೆ. ನಾನು ತಲೆ ಎತ್ತಿ ನೋಡಲಿಲ್ಲ. 1 ಎಂದು ಬರೆದೆ. ಆ ಗಣತಿಯಲ್ಲಿ ಕರ್ನಾಟಕದಲ್ಲಿ ಇತರೆ ಎಂದು ದಾಖಲಾದವರು 20,266. ಪತ್ರಿಕೆಯಲ್ಲಿ ಆ ಅಂಕಿ ನೋಡಿದಾಗೆಲ್ಲ ಅದರಲ್ಲಿ ಒಂದು ಕಡಿಮೆ ಇದೆ ಎಂದು ನನಗೆ ಗೊತ್ತು, ಕಡಿಮೆ ಮಾಡಿದ್ದು ನನ್ನ ಕೈ. ಇತರೆ ಎನ್ನುವುದು ಅವಳಿಗೆ ಹಿಡಿಸುವ ಶಬ್ದವಂತೂ ಆಗಿರಲಿಲ್ಲ. ಆಮೇಲೆ ಇದನ್ನು ಹೇಳಿದಾಗ ಅವಳು ಅಂದದ್ದು 2.

ಈಗ ಅವಳ ಹತ್ತಿರ ಜಿಲ್ಲಾಧಿಕಾರಿ ಸಹಿಯ ಗುರುತಿನ ಪತ್ರ ಇದೆ. ನಮ್ಮ ಶಾಲೆಯ ದಾಖಲಾತಿ ಪ್ರತಿಯನ್ನು ನಾನೇ ತೆಗೆಸಿಕೊಟ್ಟೆ, ಹತ್ತನೇತ್ತ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿಸುವ ಮಾತು ನಡೆದಿದೆ. ರಾಜ್ಯ ಸರಕಾರದ ನೇಮಕಾತಿಯಲ್ಲಿ 2021ರಿಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಇದೆ, 2022ರ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಆಯ್ಕೆಯಾದರು ಎಂದು ಹೇಳಿದೆ. "ಮೊದ್ಲ ಹತ್ತನೇತ್ತ ಪಾಸಾಗ್ತೀನಿ ತಡೀರಿ ಅಕ್ಕೋರ" ಎಂದು ನಕ್ಕಳು.

ಕಳೆದ ತಿಂಗಳು ಲಿಂಗ ವ್ಯವಸ್ಥೆಯ ಪಾಠ ಮಾಡುವಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ. ಬಂದನು ಎಂದರೆ ಗಂಡು, ಬಂದಳು ಎಂದರೆ ಹೆಣ್ಣು, ಬಂದೆ ಎಂದರೆ? ತರಗತಿ ಸುಮ್ಮನಾಯಿತು. ನಾನು, ನೀನು ಎನ್ನುವುದಕ್ಕೆ ಕನ್ನಡದಲ್ಲಿ ಗಂಡು ಹೆಣ್ಣಿನ ಭೇದ ಇಲ್ಲ. ಹಿಂದಿಯಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವಾಗಲೂ ಗಂಡು ಒಂದು ರೀತಿ, ಹೆಣ್ಣು ಒಂದು ರೀತಿ ಹೇಳಬೇಕು. ನಮ್ಮಲ್ಲಿ ಎದುರಿಲ್ಲದವರ ಬಗ್ಗೆ ಮಾತಾಡುವಾಗ ಮಾತ್ರ ಅವನು, ಅವಳು ಬೇಕಾಗುತ್ತದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಹಂಗಾರ ಅವರವರನ್ನ ಕೇಳಿ ಹೇಳಬೇಕೇನ್ರಿ ಮೇಡಂ?" ಹೌದು ಎಂದೆ. ಪಾಠ ಮುಂದುವರಿಸಿದೆ.

ನಾನು ಮುಂದಿನ ಸಾಲಿಗೆ ಕಳಿಸಿದ ಆ ಹುಡುಗ ಈಗ ಗಿಣಿಗೇರಿ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾನೆ, ಇಬ್ಬರು ಮಕ್ಕಳು. ಫೋನು ಮಾಡಿ, ಭಾನುವಾರ ಊಟಕ್ಕೆ ಬಾ, ಅವಳೂ ಬರುತ್ತಾಳೆ ಎಂದೆ. ಯಾರು ಎಂದು ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವತ್ತ ಯಾಕ ಬ್ಯಾರೆ ಕೂಡಿಸಿದ್ರಿ ಅಂತ ನನಗ ಇವತ್ತಿಗೂ ಗೊತ್ತಿಲ್ರಿ ಅಕ್ಕೋರ" ಅಂದ. ತಪ್ಪು ನನ್ನದಾಗಿತ್ತಪ್ಪಾ ಎಂದೆ. ಬರ್ತೀನ್ರಿ ಅಂದ.

ಬಂದ. ಅವಳು ಮೊದಲೇ ಬಂದು ಕೂತಿದ್ದಳು. ಬಾಗಿಲಲ್ಲಿ ಅವನು ಚಪ್ಪಲಿ ಬಿಡುತ್ತ ನಿಂತೇ ಇದ್ದ, ಅವಳು ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ನಾನು ತಾಟು ಹಾಕಿ ಅಕ್ಕಪಕ್ಕ ಕೂಡಿಸಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಒಂದು ರೊಟ್ಟಿ ಮುಗಿಯುವ ತನಕ ಮಾತಿಲ್ಲ. ಆಮೇಲೆ ಅವನು ಬುಟ್ಟಿ ಅವಳ ಕಡೆ ಸರಿಸಿ ಅಂದ, "ಲೇ, ಇನ್ನೊಂದು ಹಾಕ್ಕೋ. ಬಿಸಿಯೂಟದಾಗ ನಂದೂ ಸೇರಿಸಿ ತಿಂತಿದ್ದಿ."

ನಾನು ಒಳಗೆ ಹೋಗಿ ಹಂಚು ಇಟ್ಟೆ.